ಆಯ್ಕೆಗೆ ಕಾರಣ

ಮೇಜಿನ ಮೇಲೆ ಮೂರು ಕ್ಯಾಟಲಾಗು.
ಮೂರರಲ್ಲೂ ಗಾಲಿ ಹೊಸದು, ಅಚ್ಚ ಹಳದಿ,
ಕೆಳಗಿರುವ ಕಸವೂ ತೊಳೆದು ಇಟ್ಟಂತೆ.
ಒಂದರ ಹಲ್ಲು ಕೊಡಲಿ.
ಇನ್ನೊಂದರದು ಮೊಟಕು, ಒತ್ತೊತ್ತಾಗಿ, ಸೀತಾಫಲದ ಸಿಪ್ಪೆ.
ಮೂರನೆಯದು ಬಿಡಿಬಿಡಿ,
ಏಳು ವರ್ಷದ ಕೂಸು ನಕ್ಕ ಹಾಗೆ.

ಕಲಬುರಗಿಯ ಮೇ ತಿಂಗಳು. ಫ್ಯಾನು
ಬಿಸಿಗಾಳಿಯನ್ನೇ ಮಗುಚಿ ಹಾಕುತ್ತಿತ್ತು.
ನಮೂನೆಯ ಏಳನೇ ಕಾಲಮ್ಮು: ಆಯ್ಕೆಗೆ ಕಾರಣ.
"ಭಾರ ಹೆಚ್ಚಿದ್ದದ್ದು ಬರೀರಿ," ಅಂದರು ಸಾಹೇಬರು,
"ನಾಳೆ ಯಾರರೇ ಕೇಳಿದ್ರ ಅಂಕಿ ಇರ್ತದ."

ನಾನು ಸ್ಕೂಟಿ ಹತ್ತಿ ಗುಡ್ಡಕ್ಕೆ ಹೋದೆ.

ಗುಡ್ಡ ಅಂದರೆ ನಾವು ಮಾಡಿದ್ದು.
ತೊಗರಿ ಬೆಳೆದಷ್ಟೇ ಎತ್ತರವಿದ್ದ ಎರೆನೆಲದಲ್ಲಿ
ಈಗ ಇದೊಂದು ದಿಬ್ಬ:
ಗಂಜಿನ ಹರಿದ ಗೋಣಿ, ಸೂಪರ್ ಮಾರ್ಕೆಟ್ಟಿನ ಕ್ಯಾರಿಬ್ಯಾಗು,
ಬ್ರಹ್ಮಪುರದ ಮದುವೆಗಳ ಥರ್ಮಾಕೋಲ್ ತಟ್ಟೆ,
ಮೊನ್ನೆ ನಾನೇ ಎಸೆದ ಚಾರ್ಜರು.

ಮಶೀನಿನ ನೆರಳಲ್ಲಿ ತಿಪ್ಪಣ್ಣ ಕೂತಿದ್ದ.
ಹಿಂದಿನ ಮೂರು ಕೂಸು ಉಳಿಯಲಿಲ್ಲವೆಂದು
ನಾಲ್ಕನೆಯದನ್ನು ತಿಪ್ಪೆಯಲ್ಲಿ ಹೊರಳಿಸಿ
ಸಾವಿನ ಕಣ್ಣಿಗೆ ಕಸವೆಂದು ತೋರಿಸಿ
ಅವ್ವ ಇಟ್ಟ ಹೆಸರು.
"ಅಲ್ಲಿಂದ ಎದ್ದೇ ಇಲ್ರಿ ಮೇಡಂ," ಎಂದು ನಕ್ಕ.
ಬಂದವರಿಗೆಲ್ಲ ಕೊಡುವ ನಗೆ, ಸವೆದು ನುಣುಪಾದದ್ದು.

ಕ್ಯಾಟಲಾಗು ಕೊಟ್ಟೆ. ಚಿತ್ರದ ಹಲ್ಲನ್ನು
ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.
"ಇದು ಕೊಡ್ಲಿ. ಹೊಸದರಾಗ ಚಂದ ಕತ್ತರಸ್ತದ.
ಖರೆ, ಶಹಾಬಾದಿ ಫರಸಿ ತುಂಡು, ಮನಿ ಕೆಡವಿದ ಕಲ್ಲು
ಎಲ್ಲಾ ಇಲ್ಲೇ ಬೀಳ್ತಾವಲ್ರಿ,
ಆರು ತಿಂಗಳಿಗಿ ಬೋಳು ಬಾಯಿ.
ಈ ಸೀತಾಫಲ ಬ್ಯಾಡೇ ಬ್ಯಾಡ.
ಮಳಿ ಬಿದ್ದ ದಿನ ಎರಿಮಣ್ಣು ಹಲ್ಲಿನಾಗ ಕೂತುಬಿಡ್ತದ.
ಆಮ್ಯಾಲ ಅದು ಗಾಲಿ ಅಲ್ರಿ, ರೋಣಗಲ್ಲು. ಜಾರ್ತದ."

ಮೂರನೆಯದನ್ನು ಬಹಳ ಹೊತ್ತು ನೋಡಿದ.
ಏನೂ ಅನ್ನಲಿಲ್ಲ. ಪುಟ ಮಡಚಿ
ನನ್ನನ್ನು ಮಶೀನಿನ ಬುಡಕ್ಕೆ ಕರೆದೊಯ್ದ.

ಗಾಲಿಗೂ ಅಚ್ಚಿಗೂ ನಡುವೆ
ಊರು ಸುತ್ತಿಕೊಂಡಿತ್ತು:
ಸೀರೆಯ ಅಂಚು, ಕ್ಯಾಸೆಟ್ಟಿನ ಕಪ್ಪು ರೀಲು, ಸೊಳ್ಳೆಪರದೆ,
ಕೇಬಲ್ ವೈರು, ಯಾರದೋ ಜಡೆಯ ಚವರಿ, ಪಟದ ಮಾಂಜಾ,
ಮಗ್ಗಕ್ಕೇರಿಸಿದ ಹಾಸಿನಷ್ಟು ಬಿಗಿಯಾಗಿ.
"ದಿನಾ ಸಂಜಿಗಿ ಇದನ್ನ ಬಿಡಸಬೇಕು.
ಇಲ್ಲಂದ್ರ ಸೀಲ್ ತಿಂತದ, ಎಣ್ಣಿ ಸೋರ್ತದ,
ಮಶೀನ್ ಮಲಗ್ತದ.
ಏ ಲಾಡ್ಲೇಸಾಬ, ಕೈ ತೋರ್ಸು."

ಹೆಲ್ಪರ್ ಲಾಡ್ಲೇಸಾಬ ಕೈ ತೋರಿಸಿದ.
ಹಳೆಯ ಗಾಲಿಯ ಸಂದಿನಲ್ಲಿ ತೋಳು ಹೋಗುವುದಿಲ್ಲ,
ಅಂಗೈ ಮತ್ತು ಕುಡುಗೋಲು ಮಾತ್ರ ಹೋಗುತ್ತವೆ.
ಕಾಣದೆ ಕೊಯ್ಯಬೇಕು.
ನಾಲ್ಕು ಬೆರಳು ಎಣಿಸಿ ನಾನು ಸುಮ್ಮನಾದೆ.
ಕೇಳದಿದ್ದರೂ ಅವನೇ ಹೇಳಿದ:
"ಇಲ್ಲೇ ಎಲ್ಲರೇ ಇರ್ಬೇಕ್ರಿ ಅದು.
ಊರಾಗ ಕಳದದ್ದು ಎಲ್ಲಾ ಇಲ್ಲೇ ಬರ್ತದಲ್ಲ."

ಬ್ಯಾಗಿನಿಂದ ಟೇಪು ತೆಗೆದೆ.
ಮೊಣಕೈಯ ಹತ್ತಿರ ಅಡ್ಡಗಲ, ನಾಲ್ಕು ಇಂಚು.
"ಥಂಡಿಯೊಳಗ ಸ್ವೆಟರ್ ಹಾಕ್ಕೋತಾನ," ತಿಪ್ಪಣ್ಣ ಅಂದ,
"ಅರ್ಧ ಇಂಚು ಸೇರಸ್ರಿ."
ಲಾಡ್ಲೇಸಾಬ ನಾಚಿಕೊಂಡ.
ಟೇಲರ್ ಬಿಟ್ಟರೆ ಯಾರೂ ಅವನ ಅಳತೆ ತೆಗೆದಿರಲಿಲ್ಲ,
ಅದೂ ನಿಕಾಹದ ಶೇರ್ವಾನಿಗೆ, ಬಾಡಿಗೆಯದಕ್ಕೆ.
ಮತ್ತೊಂದು ಅರ್ಧ ಇಂಚು ನಾನು ಸೇರಿಸಿದೆ,
ಅವಸರಕ್ಕೆ.

ಕಚೇರಿಗೆ ಬಂದು ಮೂರನೆಯ ಗಾಲಿಗೆ ಗೆರೆ ಎಳೆದೆ.
ಏಳನೇ ಕಾಲಮ್ಮಿನಲ್ಲಿ ತೋಳು ಎಂದು ಬರೆಯಲಿಕ್ಕೆ ಬಾರದು.
ನಿರ್ವಹಣೆಗೆ ಅನುಕೂಲ, ಎಂದು ಬರೆದೆ,
ಕೆಳಗೆ: ಸಂದು ಐದು ಇಂಚಿಗೆ ಕಡಿಮೆ ಇರತಕ್ಕದ್ದಲ್ಲ.

"ಇದರ ಭಾರ ಕಮ್ಮಿ ಅದ," ಅಂದರು ಸಾಹೇಬರು.
ಹೌದ್ರಿ, ಅಂದೆ.
"ಈ ಐದು ಇಂಚು ಯಾವ ಸ್ಟ್ಯಾಂಡರ್ಡು?"
"ಸ್ಥಳೀಯ," ಅಂದೆ.
ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ,
ಗಡಿಯಾರ ನೋಡಿ, ಸಹಿ ಹಾಕಿದರು.

ಕಡತ ಈಗ ಲೆಕ್ಕಶಾಖೆಯಲ್ಲಿದೆ.
ಸಂಜೆ ಆರು. ಗುಡ್ಡದ ಮೇಲೆ ಮಶೀನು ನಿಂತಿರಬೇಕು.
ಗಾಲಿ ಹಳೆಯದು.